ಯೂರಿಯಾ ಚೀಲದ ಮೇಲಿನ 46

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಮೊದಲ ತಿಂಗಳು ಕೆಮಿಸ್ಟ್ರಿ ಕ್ಲಾಸಿನಲ್ಲಿ ನನಗೆ ಅರ್ಥವಾಗಿದ್ದು ಹಾಜರಿ ಕೂಗುವುದು ಮಾತ್ರ. ಕನ್ನಡದಲ್ಲಿ ಓದಿದ್ದ ಪರಮಾಣು, ಅಣುಗಳೇ ಇಂಗ್ಲಿಷಿನಲ್ಲಿ ಬಂದಾಗ ಗುರುತು ಸಿಗಲಿಲ್ಲ. ಜೊತೆಗಿದ್ದ ಇಬ್ಬರು ಹೆದರಿ ಆರ್ಟ್ಸ್‌ಗೆ ಹೋದರು.

ಒಂದು ಭಾನುವಾರ ಮೆಕ್ಕೆಜೋಳಕ್ಕೆ ಗೊಬ್ಬರ ಹಾಕುತ್ತಿದ್ದೆವು. ಯೂರಿಯಾ ಚೀಲದ ಮೇಲೆ ಸಾರಜನಕ ಶೇ 46 ಎಂದಿತ್ತು. ಎಲ್ಲಿಂದ ಬಂತು ಈ 46?

ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4 ಪರಮಾಣು ಇರುತ್ತವೆ. ಅವುಗಳ ತೂಕ ಕ್ರಮವಾಗಿ 12, 16, 28, 4. ಒಟ್ಟು 60. ಅರವತ್ತರಲ್ಲಿ 28 ಅಂದರೆ ನೂರಕ್ಕೆ 46ಕ್ಕಿಂತ ತುಸು ಹೆಚ್ಚು. ಕ್ಲಾಸಿನಲ್ಲಿ ತಲೆಗೆ ಹತ್ತದ ಲೆಕ್ಕ ಬದುವಿನ ಮೇಲೆ ಹತ್ತಿತು.

45 ಕೆಜಿ ಚೀಲದಲ್ಲಿ ಸಾರಜನಕ ಇರುವುದು ಸುಮಾರು 21 ಕೆಜಿ ಎಂದು ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಉಳಿದ 24 ಕೆಜಿ ಏನು?" ಎಂದರು. ಇಂಥ ಪ್ರಶ್ನೆಯನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಪರೀಕ್ಷೆಗೆ ಇಂಗ್ಲಿಷ್ ಪದಗಳು ಬೇಕು, ಕಲಿಯೋಣ. ಆದರೆ ಮೊದಲ ಎರಡು ತಿಂಗಳಾದರೂ ವಿವರಣೆ ಕನ್ನಡದಲ್ಲಿರಲಿ, ಉದಾಹರಣೆ ಹೊಲ, ಅಡುಗೆಮನೆಯಿಂದ ಬರಲಿ. ಆರ್ಟ್ಸ್‌ಗೆ ಹೋದ ಆ ಇಬ್ಬರು ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದರು. ಅವರು ಸೋತಿದ್ದು ಕೆಮಿಸ್ಟ್ರಿಗಲ್ಲ, ಭಾಷೆಗೆ.

ನಿಮ್ಮ ಮನೆಯಲ್ಲಿ ಪಿಯುಸಿ ಓದುವವರಿದ್ದರೆ ಇವತ್ತೇ ಗೊಬ್ಬರದ ಚೀಲ ತೋರಿಸಿ ಕೇಳಿ: ಈ 46 ಎಲ್ಲಿಂದ ಬಂತು?