ಕೊಯ್ಲಿಗೆ ಮುಂಚೆ ಬರೀ ನೀರು
ಮನೆಯೊಳಗೆ ದೀಪದ ಬೆಳಕಲ್ಲಿ, ಮಣ್ಣಿಲ್ಲದೆ ಪಾಲಕ್, ಲೆಟ್ಯೂಸ್ ಬೆಳೆಯುವವರು ಕೊಯ್ಲಿಗೆ ಎರಡು-ಮೂರು ದಿನ ಮುಂಚೆ ಗೊಬ್ಬರದ ದ್ರಾವಣ ತೆಗೆದು ಬರೀ ನೀರು ಹರಿಸಬೇಕು. ಕಾರಣ ಗೊಬ್ಬರದ ನೈಟ್ರೇಟ್; ತಿನ್ನುವ ಸೊಪ್ಪಿನಲ್ಲಿ ಅದು ಹೆಚ್ಚಿರಬಾರದು. ಬೇರು ಹೀರಿದ ನೈಟ್ರೇಟನ್ನು ಗಿಡ ಪ್ರೋಟೀನು ಮಾಡಿಕೊಳ್ಳಲು ಬೆಳಕು ಬೇಕು. ಸಾಲದಿದ್ದರೆ ಅದು ಹಾಗೇ ಉಳಿಯುತ್ತದೆ, ಎಲೆಗಿಂತ ದಂಟಿನಲ್ಲಿ ಹೆಚ್ಚು. ಐರೋಪ್ಯ ಒಕ್ಕೂಟ ಹಸಿರುಮನೆಯ ಲೆಟ್ಯೂಸಿಗೆ ಕಿಲೋಗೆ ಚಳಿಗಾಲದಲ್ಲಿ 5000 ಮಿಲಿಗ್ರಾಂ, ಬೇಸಿಗೆಯಲ್ಲಿ 4000 ಎಂದು ಮಿತಿ ಹಾಕಿದೆ. ಬರೀ ನೀರಿಗೆ ಬಿಟ್ಟಾಗ ಗಿಡ ಕೂಡಿಟ್ಟದ್ದನ್ನೇ ಬಳಸಿಕೊಳ್ಳುತ್ತದೆ; ದೀಪ ಮಾತ್ರ ಆರಿಸಬಾರದು. ಹೆಚ್ಚು ದಿನ ಬಿಟ್ಟರೆ ಕೆಳಗಿನ ಎಲೆಗಳು ಹಳದಿಗಟ್ಟುತ್ತವೆ, ತೂಕವೂ ಸಿಗುವುದಿಲ್ಲ. ಮಾರುವವರಿಗೆ ಆ ತೂಕದ ಆಸೆ ಬಿಡುವುದು ಕಷ್ಟ, ನಿಜ. ಆದರೆ ಮಕ್ಕಳು ತಿನ್ನುವ ಸೊಪ್ಪಿನಲ್ಲಿ ರಾಜಿ ಸಲ್ಲದು. ಕಿಟಕಿಯ ಬಿಸಿಲಲ್ಲಿ ಬೆಳೆದಿದ್ದರೆ ಬೆಳಗ್ಗೆ ಬೇಡ, ಸಂಜೆ ಕೊಯ್ಯಿರಿ. ಆ ಹೊತ್ತಿಗೆ ಎಲೆಯಲ್ಲಿ ನೈಟ್ರೇಟ್ ಕಡಿಮೆಯಾಗಿರುತ್ತದೆ.