ಆಫ್ ಸೀಸನ್ ರೆಸಾರ್ಟ್ ಅಗ್ಗವಲ್ಲ, ಆದರೂ ಹೋಗಿ

ಕಳೆದ ಸೆಪ್ಟೆಂಬರಿನಲ್ಲಿ ನಾನು ಒಬ್ಬಳೇ ಪೋರ್ಟೊ ರಿಕೊದ ಒಂದು ಬೀಚ್ ರೆಸಾರ್ಟಿನಲ್ಲಿ ಐದು ರಾತ್ರಿ ಇದ್ದು ಬಂದೆ. ನೋವೈನ ಗೆಳತಿಯರಿಗೆ ಇದು ಗೊತ್ತಾದಾಗ ಮೊದಲು ಬಂದ ಪ್ರಶ್ನೆ, "ಮನೇಲಿ ಏನಾದ್ರೂ ಜಗಳವಾ?" ಎರಡನೆಯದು, "ಎಷ್ಟಾಯ್ತು?" ಮೊದಲನೆಯದಕ್ಕೆ ಉತ್ತರ: ಇಲ್ಲ. ಎರಡನೆಯದಕ್ಕೆ ಈ ಲೇಖನ.

ಕ್ರಿಸ್‌ಮಸ್ ವಾರದಲ್ಲಿ ರಾತ್ರಿಗೆ 420 ಡಾಲರ್ ತೋರಿಸಿದ ಅದೇ ರೂಮು ಸೆಪ್ಟೆಂಬರಿನಲ್ಲಿ 170. ಐದು ರಾತ್ರಿಗೆ 2,100ರ ಬದಲು 850. ಉಳಿತಾಯ 1,250 ಡಾಲರ್ ಅಂತ ನಾನೂ ಖುಷಿಪಟ್ಟೆ. ಆ ಖುಷಿಯ ಲೆಕ್ಕ ತಪ್ಪಾಗಿತ್ತು.

ರಿಯಾಯಿತಿ ಯಾಕೆ ಕೊಡುತ್ತಾರೆ?

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30. ಅದರ ನೆತ್ತಿ ಸೆಪ್ಟೆಂಬರಿನ ಎರಡನೇ ವಾರದ ಆಸುಪಾಸು. ಪೋರ್ಟೊ ರಿಕೊಗೆ ಮರಿಯಾ ಅಪ್ಪಳಿಸಿದ್ದು 2017ರ ಸೆಪ್ಟೆಂಬರ್ 20ರಂದು. ಇಡೀ ದ್ವೀಪಕ್ಕೆ ಕರೆಂಟ್ ಮರಳಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಫಿಯೋನಾ ಬಂದದ್ದು 2022ರ ಸೆಪ್ಟೆಂಬರ್ 18ರಂದು. ಜೊತೆಗೆ, ಅಮೆರಿಕದಲ್ಲಿ ಶಾಲೆಗಳು ಶುರುವಾಗಿರುತ್ತವೆ, ಮಕ್ಕಳಿರುವವರು ಬರುವುದಿಲ್ಲ. ಅಂದರೆ ಹೋಟೆಲಿನವರು ನಮಗೆ ಉಡುಗೊರೆ ಕೊಡುತ್ತಿಲ್ಲ. ಅವರ ಅಪಾಯದ ಒಂದು ಪಾಲನ್ನು ನಾವು ಹೊತ್ತುಕೊಳ್ಳುತ್ತೇವೆ, ಅದಕ್ಕೆ ಅವರು ಕೊಡುವ ಪ್ರೀಮಿಯಂ ಇದು.

ಆ ಅಪಾಯಕ್ಕೆ ನಾನು ಕೊಟ್ಟ ಬೆಲೆ: ಕೊನೆಯವರೆಗೂ ರದ್ದು ಮಾಡಬಹುದಾದ ದರಕ್ಕೆ ರಾತ್ರಿಗೆ 20 ಹೆಚ್ಚು, ಪ್ರಯಾಣ ವಿಮೆಗೆ 85. ಒಟ್ಟು 1,035. ವಿಮೆಯನ್ನು ಟಿಕೆಟ್ ಜೊತೆಗೇ ತೆಗೆದುಕೊಳ್ಳಿ. ಒಂದು ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಬಿರುಗಾಳಿಯ ನಷ್ಟವನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ನಾನಿದ್ದಾಗ ಬಿರುಗಾಳಿ ಬರಲಿಲ್ಲ. ನೂರಾರು ಮೈಲಿ ದೂರದಲ್ಲೇ ಒಂದು ಉತ್ತರಕ್ಕೆ ತಿರುಗಿತು. ಆದರೆ ಅದರ ಅಲೆಗಳು ಬಂದವು. ಆಕಾಶ ನೀಲಿ, ಬಿಸಿಲು ಝಗಝಗ, ದಡದಲ್ಲಿ ಕೆಂಪು ಬಾವುಟ. ಎರಡು ದಿನ ನೀರಿಗೆ ಇಳಿಯಲಿಲ್ಲ. ಒಬ್ಬಳೇ ಇದ್ದಾಗ ಸೆಳೆತಕ್ಕೆ ಸಿಕ್ಕರೆ ಕೂಗಿ ಕರೆಯಲು ದಡದಲ್ಲಿ ಯಾರೂ ಇರುವುದಿಲ್ಲ. ದೊಡ್ಡ ಈಜುಕೊಳ ರಿಪೇರಿಗೆ ಖಾಲಿ. ಮೂರು ರೆಸ್ಟೊರೆಂಟುಗಳಲ್ಲಿ ಒಂದು ಮಾತ್ರ ತೆರೆದಿತ್ತು. ನೆಟ್ಟಗೆ ಸಿಕ್ಕ ದಿನ ಮೂರು ಅಂತಿಟ್ಟುಕೊಂಡರೆ ದಿನಕ್ಕೆ 345 ಡಾಲರ್. ಕ್ರಿಸ್‌ಮಸ್ ದರ 420. ಎಲ್ಲಿ ಬಂತು ಅರ್ಧ ಬೆಲೆ?

ಒಬ್ಬರೇ ಹೋಗುವವರಿಗೆ ಇನ್ನೊಂದು ಮಾತು. ಮೆಕ್ಸಿಕೊ, ಡೊಮಿನಿಕನ್ ರಿಪಬ್ಲಿಕ್ಕಿನ ಆಲ್-ಇನ್‌ಕ್ಲೂಸಿವ್ ರೆಸಾರ್ಟುಗಳು ಹೆಚ್ಚಾಗಿ "ಇಬ್ಬರಿದ್ದರೆ ತಲೆಗಿಷ್ಟು" ಅಂತ ಬೆಲೆ ಹಾಕುತ್ತವೆ. ಒಬ್ಬರಾದರೆ ಬಾರದ ಇನ್ನೊಬ್ಬರ ಪಾಲಿನಲ್ಲೂ ಒಂದಷ್ಟು ತೆರಬೇಕು. ನನ್ನ ಹಾಗೆ ಸಸ್ಯಾಹಾರಿ, ಕುಡಿಯದವರು ಪಕ್ಕದ ಟೇಬಲಿನವರ ಟಕೀಲಾಕ್ಕೂ ದುಡ್ಡು ಕೊಟ್ಟ ಹಾಗೆ. ರೂಮಿಗಿಷ್ಟು ಅನ್ನುವ ಕಡೆ ಹೋಗಿ. ಪೋರ್ಟೊ ರಿಕೊದಲ್ಲಿ ಇನ್ನೊಂದು ಅನುಕೂಲ: ಅದು ಅಮೆರಿಕದ್ದೇ ನೆಲ, ಡೊಮೆಸ್ಟಿಕ್ ವಿಮಾನ. ಎಚ್-1ಬಿಯಲ್ಲಿದ್ದು ಸ್ಟಾಂಪಿಂಗ್ ಮುಗಿದವರು ನೇರವಾಗಿ ಹೋಗಿ ಬಂದರೆ ಹೊಸ ವೀಸಾ ಬೇಕಿಲ್ಲ, ಕಾಗದಪತ್ರ ಜೊತೆಗಿರಲಿ.

ಲೆಕ್ಕಕ್ಕೆ ಬಾರದ ಖರ್ಚು

ದುಡ್ಡಿಗಿಂತ ದುಬಾರಿಯಾದದ್ದು ರಜೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವವರಿಗೆ ಇದು ಗೊತ್ತು. ಜುಲೈ ಮೊದಲ ವಾರಗಳ ಶಟ್‌ಡೌನ್, ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗೆ ಬಿಡುವು. ಎರಡೂ ವಿಮಾನ, ಹೋಟೆಲು ಅತಿ ದುಬಾರಿಯಾದ ಕಾಲ. ಸೆಪ್ಟೆಂಬರಿನಲ್ಲಿ ಹೋಗಬೇಕೆಂದರೆ ಸ್ವಂತ ರಜೆಯ ಐದು ದಿನ ಕೈಬಿಡಬೇಕು.

ಆ ಐದು ದಿನ ಕೈಬಿಡುವುದು ನನಗೆ ಸುಲಭವಿರಲಿಲ್ಲ. ಹನ್ನೊಂದು ವರ್ಷದಿಂದ ನಾನು ರಜೆ ಕೂಡಿಡುತ್ತಿದ್ದದ್ದು ಒಂದೇ ಕಾರಣಕ್ಕೆ: ರಾತ್ರಿ ಎರಡು ಗಂಟೆಗೆ ಊರಿಂದ ಬರಬಹುದಾದ ಫೋನು. ಅಪ್ಪನಿಗೆ ಎಪ್ಪತ್ತೆಂಟು. ಈ ಲೇಖನ ಓದುವ ಬಹುತೇಕರಿಗೆ ಆ ಫೋನಿನ ಭಯ ವಿವರಿಸಬೇಕಾಗಿಲ್ಲ. ಹಾಗೆ ಕೂಡಿಟ್ಟ ರಜೆಯಲ್ಲಿ ಹಿಂದಿನ ವರ್ಷ ಆರು ದಿನ ಡಿಸೆಂಬರ್ 31ರ ರಾತ್ರಿ ಮಾಯವಾಯಿತು. ನಮ್ಮ ಕಂಪನಿಯಲ್ಲಿ ಐದು ದಿನ ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತದೆ. ಫೋನು ಬರಲಿಲ್ಲ, ದೇವರ ದಯೆ. ಆದರೆ ರಜೆಯೂ ಉಳಿಯಲಿಲ್ಲ.

ಇಲ್ಲಿ ಷಿಕಾಗೊ, ಡೆಟ್ರಾಯಿಟ್ ಒಂದೇ ಅಲ್ಲ. ನೇಪರ್‌ವಿಲ್‌ನ ಗೆಳತಿಯ ಕೆಲಸ ಹೋದಾಗ ಬಳಸದ ರಜೆಯ ಹಣ ಕೊನೆಯ ಸಂಬಳದೊಂದಿಗೆ ಬಂತು, ಯಾಕೆಂದರೆ ಇಲಿನಾಯ್ ಕಾನೂನಿನಲ್ಲಿ ಗಳಿಸಿದ ರಜೆ ಗಳಿಸಿದ ವೇತನವಿದ್ದ ಹಾಗೆ. ಮಿಶಿಗನ್ನಿನಲ್ಲಿ ಅದು ಕಂಪನಿಯ ಲಿಖಿತ ನಿಯಮಕ್ಕೆ ಬಿಟ್ಟದ್ದು. ನಿಯಮದಲ್ಲಿ ಇಲ್ಲದಿದ್ದರೆ ಲೇಆಫ್ ದಿನ ಕೂಡಿಟ್ಟದ್ದೆಲ್ಲ ಸೊನ್ನೆ. "ಅನ್‌ಲಿಮಿಟೆಡ್" ರಜೆ ಇರುವ ಕಂಪನಿಗಳಲ್ಲಿ ಕೂಡಿಡಲು ಸಾಮಾನ್ಯವಾಗಿ ಏನೂ ಇರುವುದೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಆಪತ್ತಿಗೆಂದು ಕೂಡಿಡುವುದನ್ನು ರಜೆಯಲ್ಲಿ ಇಡಬೇಡಿ, ಹಣದಲ್ಲಿ ಇಡಿ. ಹಣ ಡಿಸೆಂಬರ್ 31ಕ್ಕೆ ಮಾಯವಾಗುವುದಿಲ್ಲ. ಫೆಡರಲ್ ಎಫ್‌ಎಂಎಲ್‌ಎ ಕಾನೂನಿನ ಪ್ರಕಾರ, ಒಂದು ವರ್ಷ ಕೆಲಸ ಮಾಡಿ, ಆ ಅವಧಿಯಲ್ಲಿ 1,250 ಗಂಟೆ ದುಡಿದವರಿಗೆ, ಕಂಪನಿಗೆ 75 ಮೈಲಿಯೊಳಗೆ 50 ನೌಕರರಿದ್ದರೆ, ತಂದೆ ತಾಯಿಯ ಗಂಭೀರ ಕಾಯಿಲೆಯಲ್ಲಿ ನೋಡಿಕೊಳ್ಳಲು ವರ್ಷಕ್ಕೆ 12 ವಾರ ರಜೆ ಸಿಗುತ್ತದೆ. ಸಂಬಳವಿಲ್ಲ, ಆದರೆ ಕೆಲಸ ಉಳಿಯುತ್ತದೆ. ತಂದೆ ತಾಯಿ ಭಾರತದಲ್ಲಿದ್ದರೂ ಅನ್ವಯ. ಎರಡು ಕೊರತೆ ಗಮನಿಸಿ: ಅತ್ತೆ ಮಾವ ಇದರಲ್ಲಿ ಸೇರುವುದಿಲ್ಲ, ಸಾವಿನ ನಂತರದ ದಿನಗಳೂ ಸೇರುವುದಿಲ್ಲ. ಅದಕ್ಕೆ ಒಂದು ವಾರ ರಜೆ ಎತ್ತಿಡಿ. ಉಳಿದದ್ದಕ್ಕೆ ಆರು ವಾರದ ಸಂಬಳ ಮತ್ತು ಕೊನೆ ಗಳಿಗೆಯ ಒಂದು ಟಿಕೆಟ್ಟಿನ ಹಣ ಪ್ರತ್ಯೇಕ ಸೇವಿಂಗ್ಸ್ ಖಾತೆಯಲ್ಲಿರಲಿ. ನಾನು ಹಾಗೆ ಮಾಡಿದ ಮೇಲೆಯೇ ಆ ಐದು ದಿನ ತೆಗೆದುಕೊಳ್ಳುವ ಧೈರ್ಯ ಬಂದದ್ದು. ಹೇಗೂ ಕಳೆದುಹೋಗಲಿದ್ದ ರಜೆ, ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ.

ಮೂರನೇ ದಿನ ಕೆಂಪು ಬಾವುಟ ನೋಡುತ್ತಾ ಕುಂದಾಪುರಕ್ಕೆ ಫೋನ್ ಮಾಡಿದೆ. "ಮಳೆಗಾಲದಲ್ಲಿ ಯಾರಾದ್ರೂ ಕಡಲಿಗೆ ಹೋಗ್ತಾರಾ ಮಗಾ?" ಅಂದರು ಅಮ್ಮ. ನಮ್ಮೂರಲ್ಲಿ ಹೋಗುವುದಿಲ್ಲ, ನಿಜ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿ ದಡಕ್ಕೆ. ಆಗ ಅವರು ಬಲೆ ರಿಪೇರಿ ಮಾಡುತ್ತಾರೆ. "ನಾನೂ ಅದಕ್ಕೇ ಬಂದಿದ್ದು" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಸಿಗ್ತದಾ?" ಅಂತ ಕೇಳಿದರು. ನಾವು ಮುಕ್ಕಾಲು ಗಂಟೆ ಮಾತಾಡಿದೆವು. ನೋವೈನಲ್ಲಿ ಪ್ರತಿ ಭಾನುವಾರ ಪಾತ್ರೆ ತೊಳೆಯುತ್ತಾ ಹತ್ತು ನಿಮಿಷ ಮಾತಾಡುತ್ತೇನೆ.

ಉಳಿತಾಯಕ್ಕೆಂದು ಆಫ್ ಸೀಸನ್ನಿನಲ್ಲಿ ಹೋಗಬೇಡಿ, ಲೆಕ್ಕ ಅಷ್ಟಕ್ಕಷ್ಟೇ. ಒಬ್ಬರೇ ಇರಲು ಐದು ದಿನ ಬೇಕೆಂದರೆ ಹೋಗಿ. ಅದಕ್ಕೂ ಮೊದಲು, ಇವತ್ತೇ, ಕಂಪನಿಯ ಎಚ್‌ಆರ್ ಪೋರ್ಟಲ್ ತೆರೆದು ಎರಡು ವಿಷಯ ನೋಡಿ: ಎಷ್ಟು ದಿನ ಮುಂದಿನ ವರ್ಷಕ್ಕೆ ಹೋಗುತ್ತದೆ, ಕೆಲಸ ಹೋದರೆ ಎಷ್ಟು ದಿನದ ಹಣ ಕೊಡುತ್ತಾರೆ. ನನಗೆ ಅದನ್ನು ನೋಡಲು ಹನ್ನೊಂದು ವರ್ಷ ಬೇಕಾಯಿತು.