ಆ ರಿಜಿಸ್ಟರಿಗೆ ಬೀಗವಿತ್ತು

ಆ ಫೋಟೋ ತೆಗೆದದ್ದು ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಯಾರ ಮೇಲೆ ಕೂಗಾಡಿದರೂ ನನ್ನ ಕೈಯನ್ನು ಮರೆಯದೆ ಓದಿ. ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು ನಾನು. ಅವತ್ತು ಶುಚಿ ಯೋಜನೆಯ ನ್ಯಾಪ್‌ಕಿನ್ ಹಂಚುವ ದಿನ. ನಮ್ಮ ಮೇಡಂ ಹೆಣ್ಣುಮಕ್ಕಳನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಒಬ್ಬೊಬ್ಬಳಿಗೇ ಪೊಟ್ಟಣ ಕೊಟ್ಟು, ಬ್ಯಾಗಿನೊಳಗೆ ಇಟ್ಕೊಳ್ರಮ್ಮ ಅಂದಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಿತ್ತು: ತುರ್ತು, ವಿತರಣೆಯ ಫೋಟೋ ಕಡ್ಡಾಯ, ಫಲಾನುಭವಿಗಳ ಮುಖ ಕಾಣಬೇಕು.

ಮೇಡಂ ಬೇಡ ಅಂದರು. ಇಬ್ಬರು ಹೆಣ್ಣುಮಕ್ಕಳ ಅಪ್ಪನಾದ ನಾನು, "ಒಂದೇ ಒಂದು ಮೇಡಂ, ಕಳ್ಸಿ ಕೈ ತೊಳ್ಕೊಳೋಣ" ಅಂದೆ. ಹನ್ನೊಂದು ಹುಡುಗಿಯರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಪೊಟ್ಟಣ ಎದೆ ಮಟ್ಟಕ್ಕೆ ಹಿಡೀರಿ ಅಂದೆ. ಸಾಲಿನ ಕೊನೆಗಿದ್ದ ಎಂಟನೇ ಕ್ಲಾಸಿನ ಹುಡುಗಿ ಅಕ್ಷರ ಕಾಣದ ಹಾಗೆ ಪೊಟ್ಟಣ ತಿರುಗಿಸಿ ಹಿಡಿದಳು. ತಲೆ ತಗ್ಗಿಸಿದ್ದಳು. "ಸರಿಯಾಗಿ ಹಿಡಿಯಮ್ಮಾ, ಮೇಲೆ ನೋಡು" ಎಂದು ಗದರಿದೆ. ತಿರುಗಿಸಿದಳು. ಮೇಲೆ ನೋಡಿದಳು.

ಶಾಲೆಯ ಗ್ರೂಪಿನಿಂದ ಕ್ಲಸ್ಟರ್ ಗ್ರೂಪಿಗೆ, ಅಲ್ಲಿಂದ ಶಾಲಾಭಿವೃದ್ಧಿ ಸಮಿತಿಯ ಗ್ರೂಪಿಗೆ, ಅಲ್ಲಿಂದ ಯಾರದೋ ಮಗನ ಮೊಬೈಲಿಗೆ. ನಾಲ್ಕನೇ ದಿನಕ್ಕೆ ಅದು ಬಸ್‌ಸ್ಟ್ಯಾಂಡಿನ ಅರಳಿಕಟ್ಟೆಯ ಹುಡುಗರ ಕೈಯಲ್ಲಿ ಸ್ಟಿಕ್ಕರ್ ಆಗಿತ್ತು. ಅವಳ ಮುಖವನ್ನಷ್ಟೇ ಕತ್ತರಿಸಿ ಕೆಳಗೆ ಬರೆಯಬಾರದ್ದನ್ನು ಬರೆದಿದ್ದರು. ಅವಳು ಮಾದಿಗರ ಕೇರಿಯವಳು.

ಉಳಿದ ಹತ್ತು ಮುಖಗಳನ್ನು ಯಾರೂ ಕತ್ತರಿಸಿರಲಿಲ್ಲ.

ಅವಳ ತಾಯಿ ಕೂಲಿ ಬಿಟ್ಟು ಶಾಲೆಗೆ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು ಕೇಳಿದರು. "ಸಾ, ನಮ್ಮುಡ್ಗಿ ಫೋಟ ಎಲ್ಲಾರ್ ಮೊಬೈಲಾಗೂ ಐತಂತೆ. ನೀವು ಮೇಷ್ಟ್ರು, ಅಳ್ಸಾಕ್ಬಿಡಿ ಸಾ." ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನನ್ನ ಮೊಬೈಲು ತೆಗೆದು ಅವರ ಎದುರಿಗೇ ಅಳಿಸಿದೆ. ಮಿಕ್ಕ ನೂರಾರು ಮೊಬೈಲುಗಳಿಗೆ ನಾನು ಯಾವ ಮೇಷ್ಟ್ರು? ಆ ಹುಡುಗಿ ಇಪ್ಪತ್ತಾರು ದಿನ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಇಪ್ಪತ್ತಾರು ಗೈರನ್ನು ಬರೆದವನೂ ನಾನೇ.

ನಮ್ಮ ಎಂಟನೇ ತರಗತಿಯ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದಾರೆ. ಮಕ್ಕಳೇ, ನಿಮ್ಮ ಫೋಟೋ ಅಪರಿಚಿತರಿಗೆ ಕಳಿಸಬೇಡಿ. ಮಕ್ಕಳೇ, ನಿಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ ಯಾರಿಗೂ ಹೇಳಬೇಡಿ. ವರ್ಷಕ್ಕೊಮ್ಮೆ ಯಾರಾದರೂ ಬಂದು ಸೈಬರ್ ಸುರಕ್ಷತೆಯ ಮೇಲೆ ಭಾಷಣ ಮಾಡುತ್ತಾರೆ, ಮಕ್ಕಳಿಂದ ಪ್ರಮಾಣ ಮಾಡಿಸುತ್ತಾರೆ, ಕೈ ಮುಂದೆ ಚಾಚಿ ನಿಂತ ಆ ಮಕ್ಕಳ ಫೋಟೋ ತೆಗೆದು ಹೋಗುತ್ತಾರೆ. ನಾಚಿಕೆಯಾಗಬೇಕು ನಮಗೆ. ಆ ಹುಡುಗಿ ಯಾವ ಅಪರಿಚಿತನಿಗೆ ಫೋಟೋ ಕಳಿಸಿದ್ದಳು? ಅವಳ ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದೂ ಅಪ್ಪನ ಜೇಬಲ್ಲಿ. ಅವಳನ್ನು ಊರ ಮುಂದೆ ನಿಲ್ಲಿಸಿದ್ದು ಅವಳು ಕೈಮುಗಿಯುವ ಮೇಷ್ಟ್ರು. ಮಕ್ಕಳಿಗೆ ಜವಾಬ್ದಾರಿ ಕಲಿಸುವ ದೊಡ್ಡವರೆಲ್ಲ ಸೇರಿ ಮಕ್ಕಳನ್ನು ಬಯಲಿಗೆ ಎಳೆದಿದ್ದೇವೆ.

ನನಗೆ ಇದು ಹೊಸ ನೋವಲ್ಲ. ಹಳೇ ಗಾಯದ ಮೇಲೆ ಹೊಸ ಉಗುರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರು ಕೂಗುತ್ತಿದ್ದರು: "ಎಸ್ಸಿ ಹುಡುಗ್ರು ಈ ಕಡೆ ಬನ್ರೋ, ಸ್ಕಾಲರ್‌ಶಿಪ್ಪಿಗೆ ಸೈನು ಹಾಕ್ರಿ." ಇಡೀ ಶಾಲೆಯ ಕಣ್ಣೆದುರು ಸಾಲಿನಿಂದ ಸಾಲಿಗೆ ನಡೆಯಬೇಕಿತ್ತು. ಹತ್ತೋ ಹನ್ನೆರಡೋ ಹೆಜ್ಜೆ. ಈಗಲೂ ನನ್ನ ಕಾಲಿಗೆ ಆ ಹೆಜ್ಜೆಗಳ ಲೆಕ್ಕ ಗೊತ್ತು. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಅವತ್ತಿನಿಂದ ನೀರಿನ ಲೋಟ ಬೇರೆ ತಂದ. ಆದರೆ ಒಂದು ಮಾತು. ಸೈನು ಹಾಕಿಸಿಕೊಂಡ ಮೇಲೆ ಆ ಕೆಂಪು ರಟ್ಟಿನ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೀಲಿ ಹೆಡ್‌ಮಾಸ್ತರ ಉಡಿದಾರದಲ್ಲಿ ಇರುತ್ತಿತ್ತು. ನನ್ನ ಜಾತಿ ತಿಳಿದವರು ಆ ಅಂಗಳದಲ್ಲಿದ್ದವರು ಮಾತ್ರ.

ಇವತ್ತು ಆ ರಿಜಿಸ್ಟರ್ ಎಲ್ಲರ ಜೇಬಿನಲ್ಲಿದೆ. ಗ್ರೂಪಿಗೆ ಒಂದು ಎಕ್ಸೆಲ್ ಪಟ್ಟಿ ಬೀಳುತ್ತದೆ. ವಿದ್ಯಾರ್ಥಿವೇತನ ಬಾಕಿ ಇರುವವರದ್ದು, ಇವತ್ತು ಸಂಜೆಯೊಳಗೆ ಸರಿಪಡಿಸಿ. ತೆರೆದರೆ ಮಗುವಿನ ಹೆಸರು, ಸ್ಯಾಟ್ಸ್ ಸಂಖ್ಯೆ, ಹುಟ್ಟಿದ ತಾರೀಖು, ಜಾತಿ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಆದಾಯ, ಆಧಾರ್, ತಾಯಿಯ ಬ್ಯಾಂಕ್ ಖಾತೆ. ನಮ್ಮ ಒಂದೇ ಶಾಲೆಯದ್ದಲ್ಲ, ಆಸುಪಾಸಿನ ಅಷ್ಟೂ ಶಾಲೆಗಳದ್ದು. ಗ್ರೂಪಿನಲ್ಲಿ ವರ್ಗವಾಗಿ ಹೋದವರಿದ್ದಾರೆ, ನಿವೃತ್ತರಾದವರಿದ್ದಾರೆ, ಯಾರೆಂದು ಗೊತ್ತಿಲ್ಲದ ನಂಬರುಗಳೂ ಇವೆ. ನಾನು ಎಣಿಸಿದೆ, ಇನ್ನೂರ ಹದಿನಾಲ್ಕು ಮಂದಿ. ಯಾರೂ ಚಕಾರ ಎತ್ತಲಿಲ್ಲ. ನಲವತ್ತು ಮಂದಿ ಹೆಬ್ಬೆರಳು ಎತ್ತಿದರು.

ಇದು ಕೆಳಗಿನ ಗ್ರೂಪುಗಳ ಕೊಳೆ ಮಾತ್ರ ಅಂದುಕೊಳ್ಳಬೇಡಿ. ಮೇಲೂ ಇದೇ ಕಥೆ. 2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ದೀಕ್ಷಾ ಆ್ಯಪ್ ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಹೇಳಿ ಬಂದವರು ನಾವು. ಪಠ್ಯಪುಸ್ತಕದ ಪುಟದಲ್ಲೇ ಅದರ ಕ್ಯೂಆರ್ ಕೋಡು ಇತ್ತು, ಸರ್ಕಾರದ್ದೇ ಆ್ಯಪು, ಭಯ ಏನು ಅಂದಿದ್ದೆವು. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳ ಶಿಕ್ಷಣದ ಆ್ಯಪುಗಳನ್ನು ಬಿಚ್ಚಿ ನೋಡಿ ವರದಿ ಕೊಟ್ಟಿತು. ಮಗು ನಿಖರವಾಗಿ ಎಲ್ಲಿದೆ ಎಂಬುದನ್ನು ಹಿಡಿಯಬಲ್ಲ ಆ್ಯಪುಗಳಲ್ಲಿ ದೀಕ್ಷಾ ಕೂಡ ಇತ್ತು. ಮರುವರ್ಷ ಇನ್ನೊಂದು ಸುದ್ದಿ. ಅದೇ ದೀಕ್ಷಾದ ಮಾಹಿತಿ ಕಾವಲಿಲ್ಲದ ಸರ್ವರಿನಲ್ಲಿ ಬಿದ್ದಿತ್ತು ಎಂದು ವೈರ್ಡ್ ಪತ್ರಿಕೆ ಬರೆಯಿತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನು, ಇಮೇಲು. ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರ. ಯಾವ ಮಗುವಿನ ಅಪ್ಪ ಅಮ್ಮನಿಗೆ ಯಾರು ಹೋಗಿ ಹೇಳಿದರು? ಆ್ಯಪ್ ಹಾಕಿಸಲು ಬಿಸಿಲಲ್ಲಿ ನಡೆದ ಈ ಕಾಲುಗಳನ್ನು, ಸೋರಿದ್ದು ಹೇಳಿ ಬಾ ಎಂದು ಯಾರೂ ಓಡಿಸಲಿಲ್ಲ.

ಕಾನೂನು ಇಲ್ಲವೇ? ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಹಿರಿಯ. 2018ರ ಆಧಾರ್ ತೀರ್ಪು ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ, ಅದಿಲ್ಲ ಎಂದು ಯಾವ ಮಗುವಿಗೂ ಸವಲತ್ತು ತಪ್ಪಿಸಬಾರದು ಎಂದಿತು. ಆ ತೀರ್ಪನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಂದು ಕಚೇರಿಯಲ್ಲಿ ಹೇಳಿದೆ. ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ ಮೇಷ್ಟ್ರೇ, ನಂಬರ್ ಹಾಕ್ದೆ ಮುಂದಕ್ಕೇ ಹೋಗಲ್ಲ."

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18 ತುಂಬದ ಮಗುವಿನ ಮಾಹಿತಿ ಮುಟ್ಟಲು ತಂದೆ ತಾಯಿಯ ಒಪ್ಪಿಗೆ ಬೇಕು, ಮಗುವಿನ ಬೆನ್ನು ಹತ್ತಿ ನಿಗಾ ಇಡುವಂತಿಲ್ಲ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಓದಿದಾಗ ಎದೆ ಉಬ್ಬಿತು. ಆಮೇಲೆ ಸಣ್ಣ ಅಕ್ಷರ ಓದಿದೆ. ಸವಲತ್ತು ಕೊಡುವ ಕೆಲಸಕ್ಕೆ ಸರ್ಕಾರಕ್ಕೆ ಬೇರೆಯೇ ಬಾಗಿಲು ಬಿಟ್ಟಿದ್ದಾರೆ. 2025ರ ನವೆಂಬರಿನಲ್ಲಿ ಬಂದ ನಿಯಮಗಳಲ್ಲಿ, ಕಲಿಕೆ ಮತ್ತು ಸುರಕ್ಷತೆಗಾಗಿ ಮಕ್ಕಳ ಮೇಲೆ ನಿಗಾ ಇಡಲು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ. ಸವಲತ್ತು ಬೇಕಾದ ಮಗು ಯಾರದು? ಅನ್ನಕ್ಕೆ, ಪುಸ್ತಕಕ್ಕೆ, ಹಾಸ್ಟೆಲಿಗೆ ಸರ್ಕಾರದ ಮುಂದೆ ನಿಲ್ಲುವ ಮಗು ಯಾರದು? ನಮ್ಮದು. ಬೇಲಿಯ ಆ ಸಂದಿ ಸರಿಯಾಗಿ ನಮ್ಮ ಕೇರಿಯ ಎದುರಿಗೇ ಇದೆ.

ನನ್ನ ತಮ್ಮನ ಮಗಳು ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಓದುತ್ತಾಳೆ. ಸೇರಿಸುವಾಗ ತಮ್ಮನಿಗೆ ಮೂರು ಪುಟದ ಒಪ್ಪಿಗೆ ಕಾಗದ ಕೊಟ್ಟರಂತೆ. ಮಗುವಿನ ಫೋಟೋ ಹಾಕಬಹುದೇ, ಎಲ್ಲೆಲ್ಲಿ ಹಾಕಬಹುದು, ಬೇಡವಾದರೆ ಯಾರಿಗೆ ಹೇಳಬೇಕು. ತಮ್ಮ ಒಂದು ಚೌಕದಲ್ಲಿ ಬೇಡ ಎಂದು ಗುರುತು ಹಾಕಿದ. ವಾರ್ಷಿಕೋತ್ಸವದ ಚಿತ್ರಗಳಲ್ಲಿ ಅವಳ ಮುಖ ಇಲ್ಲ. ಬೇಡ ಎಂಬ ಆ ಒಂದು ಪದದ ಬೆಲೆ ವರ್ಷಕ್ಕೆ ಒಂದೂವರೆ ಲಕ್ಷ ಫೀಸು. ನಮ್ಮ ಶಾಲೆಯ ತಾಯಂದಿರಿಗೆ ಆ ಚೌಕವನ್ನು ಯಾರೂ ತೋರಿಸಿಲ್ಲ.

ಹಾಗೆಂದು ಮೊಬೈಲನ್ನೇ ಶಾಲೆಯಿಂದ ಆಚೆ ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಾನು ನಂಬುವುದೂ ಇಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ನಮ್ಮ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದರು. ಅದು ನಾಡಿಗೆ ಗೊತ್ತಾದದ್ದು ಮೊಬೈಲಿನಲ್ಲಿ ಹಿಡಿದ ವಿಡಿಯೋದಿಂದ. ಆ ವಿಡಿಯೋ ಹೊರಗೆ ಬರದಿದ್ದರೆ ಅಮಾನತು ಇಲ್ಲ, ಬಂಧನ ಇಲ್ಲ, ಗುಂಡಿಯ ಮುಚ್ಚಳ ಮುಚ್ಚಿ ಮಧ್ಯಾಹ್ನದ ಊಟಕ್ಕೆ ಗಂಟೆ ಹೊಡೆಯುತ್ತಿದ್ದರು. ಕ್ಯಾಮೆರಾ ಯಾರ ಕಡೆ ತಿರುಗಿದೆ ಎಂಬುದು ನನ್ನ ಪ್ರಶ್ನೆ. ಅಧಿಕಾರದ ಕಡೆ ತಿರುಗಿದಾಗ ಶಿಸ್ತಿನ ಸುತ್ತೋಲೆ ನೆನಪಾಗುತ್ತದೆ. ಬಿಸಿಯೂಟದ ಮೊಟ್ಟೆ ತಿನ್ನುವ ಮಗುವಿನ ಬಾಯಿಯ ಕಡೆ ತಿರುಗಿದಾಗ ಅದು ಪಾರದರ್ಶಕತೆ.

ನಂಬಿಕೆ ಇಲ್ಲ ನಮ್ಮ ಮೇಲೆ. ಅದೇ ಇದರ ಬೇರು. ಬಡವರ ಕೂಸು ಉಂಡಿದೆ ಎಂದರೆ ಫೋಟೋ ತೋರಿಸು, ಬಂದಿದೆ ಎಂದರೆ ಮುಖ ತೋರಿಸು. ಈಗ ಸರ್ಕಾರಿ ಶಾಲೆಗಳಲ್ಲಿ ಮುಖ ಗುರುತಿಸುವ ಯಂತ್ರದಿಂದ ಹಾಜರಿ ಎನ್ನುತ್ತಿದ್ದಾರೆ. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಆ ಹುಡುಗಿಗೆ ಬೇರೆ ಮುಖ ಎಲ್ಲಿಂದ ತಂದುಕೊಡುತ್ತೀರಿ?

ಮಾಡಬೇಕಾದ ಕೆಲಸ ಬೆಟ್ಟ ಅಗೆಯುವಷ್ಟು ದೊಡ್ಡದಲ್ಲ. ಹಂಚಿದ ಪೊಟ್ಟಣಕ್ಕೆ ಸಹಿಯ ಪುಸ್ತಕ ಸಾಕು, ಮುಖ ಬೇಡ. ಜಾತಿಯ, ಆಧಾರಿನ ಪಟ್ಟಿ ಗ್ರೂಪಿಗೆ ಬೀಳಲೇಬಾರದು, ಅದನ್ನು ಎಸೆದವನ ಹೆಸರು ಬರೆದಿಡಬೇಕು. ತಾಯಿಗೆ ಓದಲು ಬಾರದಿದ್ದರೆ ಓದಿ ಹೇಳಿ ಒಪ್ಪಿಗೆ ಕೇಳಬೇಕು, ಬೇಡ ಅಂದರೆ ಅದಕ್ಕೆ ಬೆಲೆ ಇರಬೇಕು. ಅಳಿಸಿ ಎಂದು ಕೇಳಿಕೊಂಡು ಬಂದವರಿಗೆ ಹೋಗಿ ನಿಲ್ಲಲು ಒಂದು ಮೇಜು, ಮೇಜಿನ ಹಿಂದೆ ಉತ್ತರ ಕೊಡುವ ಒಬ್ಬ ಮನುಷ್ಯ ಇರಬೇಕು. ಇಷ್ಟಕ್ಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ.

ಹುಡುಗಿ ಇಪ್ಪತ್ತೇಳನೇ ದಿನ ಬಂದಳು. ಮೇಡಂ ಹೋಗಿ ಕರೆತಂದರು. ಈಗ ಕೊನೇ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂರುತ್ತಾಳೆ. ಬೋರ್ಡಿನ ಲೆಕ್ಕ ಬರೆದುಕೊಳ್ಳುವಾಗ ತಲೆ ಎತ್ತುತ್ತಾಳೆ. ನಾನು ಹೊತ್ತು ನೋಡಲೆಂದು ಜೇಬಿನಿಂದ ಮೊಬೈಲು ತೆಗೆದರೆ ಸಾಕು, ಮುಖದ ಮುಂದೆ ಪುಸ್ತಕ ಹಿಡಿಯುತ್ತಾಳೆ. ಅದಕ್ಕೇ ಈಗ ಕೈಗೆ ವಾಚು ಕಟ್ಟಿದ್ದೇನೆ.

ಹೋದ ತಿಂಗಳು ಮತ್ತೆ ಕೇಳಿದರು. ಮೊಟ್ಟೆ ತಿನ್ನುತ್ತಿರುವ ಮಕ್ಕಳ ಫೋಟೋ, ಮುಖ ಸ್ಪಷ್ಟವಾಗಿರಲಿ, ಒಂದು ಗಂಟೆಯೊಳಗೆ. ಕಳಿಸಲಿಲ್ಲ. ಮರುದಿನ ಕೇಳಿದರು, ಕಳಿಸಲಿಲ್ಲ. ಕಾರಣ ಕೇಳಿ ನೋಟಿಸು ಬಂದಿದೆ, ಉತ್ತರಕ್ಕೆ ಮೂರು ದಿನ. ನಿನ್ನೆ ರಾತ್ರಿ ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆದೆ. ಮಕ್ಕಳು ಮೊಟ್ಟೆ ತಿಂದಿದ್ದಾರೆ. ತಿಂದವರ ಸಂಖ್ಯೆ ಪುಸ್ತಕದಲ್ಲಿದೆ. ನಂಬಿಕೆ ಬಾರದಿದ್ದರೆ ಮಧ್ಯಾಹ್ನ ಒಂದೂವರೆಗೆ ಬನ್ನಿ, ಮೊಬೈಲನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬನ್ನಿ, ಪಂಕ್ತಿಯಲ್ಲಿ ಅವರ ಪಕ್ಕ ಕೂತು ಉಣ್ಣಿ.